ಚಿಗರೆವ್ವನ ಕಲ್ಲು

೨೦ ನವೆಂಬರ್ ೨೦೨೩

ತಮ್ಮ ಅಂಬಾರಾಯನಿಗೆ ಅಕ್ಕನ ಶರಣು.

ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಿಲ್ಲ, ಹಾಗಾಗಿ ಬರೆಯುವುದಿಲ್ಲ. ಫೋನ್ ಮಾಡಿದರೆ "ಮೀಟಿಂಗನ್ಯಾಗ ಅದೀನಿ ಅಕ್ಕಾ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಿಕ್ಕೆ ಬರುವುದಿಲ್ಲ, ಓದು.

ದೀಪಾವಳಿಯ ಸಂತೆಗೆಂದು ಜೇವರ್ಗಿಗೆ ಹೋದ ನನ್ನ ಮಗ ಅಮರನಾಥ ಈಗ ಕಲಬುರಗಿಯ ಆಸ್ಪತ್ರೆಯಲ್ಲಿ ತೊಡೆಗೆ ರಾಡ್ ಹಾಕಿಸಿಕೊಂಡು ಮಲಗಿದ್ದಾನೆ. ಇಜೇರಿ ದಾಟಿ ನಮ್ಮೂರಿಗೆ ಬರುವಾಗ ಹಳ್ಳದ ಹತ್ತಿರ ಆಗಷ್ಟೇ ಕತ್ತಲಾಗಿತ್ತಂತೆ. ಜಾಲಿ ಕಂಟಿಯಿಂದ ಒಂದು ಚಿಗರಿ ಹಾರಿ ರಸ್ತೆ ದಾಟಿತು. ಹೋಯಿತಲ್ಲ ಎಂದು ಇವನು ಬೈಕಿನ ವೇಗ ಹೆಚ್ಚಿಸಿದ. ಚಿಗರಿ ಯಾವತ್ತಾದರೂ ಒಂಟಿಯಾಗಿ ಹೋಗುತ್ತದೆಯೇ? ಹಿಂದೆ ಇನ್ನೊಂದಿತ್ತು. ಅದು ಬಸುರಿ. ಅದೂ ಬಿತ್ತು, ಇವನೂ ಬಿದ್ದ. ಒಬ್ಬ ಕಾರಿನವನು ನಿಲ್ಲಿಸಿದನಂತೆ, ಎತ್ತಲಿಕ್ಕಲ್ಲ, ಫೋನಿನಲ್ಲಿ ವಿಡಿಯೋ ತೆಗೆಯಲಿಕ್ಕೆ! ಅವನ ಮನೆ ಹಾಳಾಗ.

ಊರವರು ಹಣೆಬರಹ ಎನ್ನುತ್ತಿದ್ದಾರೆ. ಹಣೆಬರಹ ಅಲ್ಲ, ಅದು ನಿನ್ನ ರಸ್ತೆ. ನೀನು ಜೇವರ್ಗಿಯಲ್ಲಿ ಇಂಜಿನಿಯರ್ ಆಗಿದ್ದಾಗ ಮುಂದೆ ನಿಂತು ಅಗಲ ಮಾಡಿಸಿದ್ದು. ಹೊಂಡಗಳಿದ್ದಾಗ ಗಾಡಿಗಳು ಕುಂಟುತ್ತಾ ಬರುತ್ತಿದ್ದವು, ಯಾರ ಕಾಲೂ ಮುರಿಯುತ್ತಿರಲಿಲ್ಲ. ಈಗ ಕನ್ನಡಿಯ ಹಾಗಿದೆ, ಗಾಡಿಗಳು ಹಾರುತ್ತವೆ. ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಹಳ್ಳದ ನೀರು. ಈ ಊರವರ ಅಜ್ಜಂದಿರ ಕಾಲದಿಂದ ಚಿಗರಿ ಅಲ್ಲಿಯೇ ದಾಟುವುದು. ಅಳತೆ ಮಾಡಲು ಬಂದಾಗ ಅವುಗಳನ್ನು ಯಾರಾದರೂ ಕೇಳಿದಿರಾ?

ನನಗೆ ಬೇಕಾದದ್ದು ಇಷ್ಟೇ. ಅಲ್ಲಿ ರಸ್ತೆಗೆ ಎರಡು ಉಬ್ಬು, ಜಿಂಕೆಯ ಚಿತ್ರದ ಒಂದು ಬೋರ್ಡು, ಮತ್ತು ಡಾಂಬರಿನ ಅಂಚಿನವರೆಗೆ ಬೆಳೆದ ಜಾಲಿಯನ್ನು ಕಡಿಸುವುದು. ಯಾಕೆಂದರೆ ಸೊಸೆ ಸುನಿತಾಳಿಗೆ ಜೇವರ್ಗಿಯ ಆಸ್ಪತ್ರೆಯಲ್ಲಿ ಸಂಜೆ ಪಾಳಿಯ ನರ್ಸ್ ಕೆಲಸ. ಇಷ್ಟು ದಿನ ಅಮರನಾಥ ಹೋಗಿ ಕರೆತರುತ್ತಿದ್ದ. ಇನ್ನು ಮೇಲೆ ಅವಳೊಬ್ಬಳೇ ಸ್ಕೂಟಿಯ ಮೇಲೆ ಅದೇ ಕತ್ತಲಲ್ಲಿ ಬರಬೇಕು. ಒಂದು ಕಾಲು ಹೋಗಿದ್ದು ಸಾಕು. ಆ ಹುಡುಗಿಯನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

ನಿನ್ನ ಅಕ್ಕ,
ಸುಭದ್ರಾಬಾಯಿ


ಅಫಜಲಪುರ
೬ ಡಿಸೆಂಬರ್ ೨೦೨೩

ಅಕ್ಕನಿಗೆ ಶರಣು.

ಅಮರನಾಥನ ಸುದ್ದಿ ಓದಿ ಮನಸ್ಸಿಗೆ ಬಹಳ ನೋವಾಯಿತು. ಮುಂದಿನ ವಾರ ಬಿಡುವಾದರೆ ಬರುತ್ತೇನೆ.

ರಸ್ತೆಯ ವಿಷಯ. ಜೇವರ್ಗಿ ಈಗ ನನ್ನ ವ್ಯಾಪ್ತಿಯಲ್ಲಿಲ್ಲ. ಅಲ್ಲಿನ ಕಚೇರಿಗೆ ನೀನು ಅರ್ಜಿ ಕೊಡಬೇಕು, ಅದು ಸುರಕ್ಷತಾ ಸಮಿತಿಗೆ ಹೋಗಬೇಕು, ಅವರು ಸ್ಥಳ ನೋಡಬೇಕು. ದೊಡ್ಡ ರಸ್ತೆಗೆ ಮನಸ್ಸಿಗೆ ಬಂದಲ್ಲಿ ಉಬ್ಬು ಹಾಕುವಂತಿಲ್ಲ. ಜಾಲಿ ಕಡಿಯುವುದು ಯಾರ ಕೆಲಸ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ಬೋರ್ಡಿಗೆ ಅರಣ್ಯದವರು ಬರೆದು ಕೇಳಬೇಕು. ನಾನು ಅಲ್ಲಿಯವರಿಗೆ ಬಾಯಿಮಾತಿನಲ್ಲಿ ಹೇಳಿ ನೋಡುತ್ತೇನೆ.

ಅಲ್ಲಿಯವರೆಗೆ ಸುನಿತಾ ಕೆಲಸ ಬಿಡುವುದು ಒಳ್ಳೆಯದಲ್ಲವೇ? ಅಮರನಾಥನನ್ನು ನೋಡಿಕೊಳ್ಳಲಿಕ್ಕೂ ಆಗುತ್ತದೆ. ಸಿಟ್ಟು ಮಾಡಿಕೊಳ್ಳಬೇಡ.

ನಿನ್ನ ತಮ್ಮ,
ಅಂಬಾರಾಯ


೧೪ ಡಿಸೆಂಬರ್ ೨೦೨೩

ಅಂಬ್ಯಾ,

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕೇನು? ಹೊಲದಲ್ಲಿ ಕಳೆ ಕಿತ್ತು ಅವಳು ನರ್ಸಿಂಗ್ ಓದಿದ್ದಾಳೆ. ನಿನ್ನ ಪತ್ರವನ್ನು ಅವಳಿಗೆ ತೋರಿಸಿದೆ. ಓದಿ ಮಡಚಿ ನನ್ನ ಕೈಗೇ ಕೊಟ್ಟಳು. "ಅತ್ತಿ, ಮಾವಾರಿಗೆ ಹೇಳ್ರಿ, ಚಿಗರಿ ಏನು ಡ್ಯೂಟಿ ಬಿಡ್ತಾವೇನ್ರಿ ಅಂತ," ಎಂದಳು. ಅಷ್ಟೇ. ಆಮೇಲೆ ಸ್ಕೂಟಿ ಹತ್ತಿ ಹೋದಳು.

ಅರ್ಜಿ ಕೊಡು ಎಂದೆಯಲ್ಲ, ಕೊಟ್ಟೆ. ನಿನ್ನ ಆ ಕಚೇರಿಯಲ್ಲಿ ಒಬ್ಬ ಕನ್ನಡಕದವನು ಅದನ್ನು ಓದಿ ಪಕ್ಕದವನಿಗೆ ತೋರಿಸಿದ. ಇಬ್ಬರೂ ನಕ್ಕರು. "ಚಿಗರಿಗೂ ಉಬ್ಬು ಬೇಕಂತ್ರಿ," ಎಂದ. ನಾನು ಹೇಳಿದೆ: "ನಿಮ್ಮ ಮಗ ಬೀಳಲಿ, ಆವಾಗ ನಗ್ರಿ." ಹಾಗೆ ಹೇಳಬಾರದಿತ್ತು. ಆದರೆ ಹೇಳಿದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ನಮ್ಮೂರ ಗುತ್ತಿಗೆದಾರ ಜಗದೇವ ಅಲ್ಲಿಯೇ ಕೂತು ಚಹಾ ಕುಡಿಯುತ್ತಿದ್ದ. ಅವನೂ ನಕ್ಕ. ಬಾಗಿಲು ದಾಟುವಾಗ "ಮಗನ ಚಿಂತಿಯೊಳಗ ಮುದುಕಿಗಿ ಹುಚ್ಚು ಹಿಡದದ" ಎಂದದ್ದು ನನ್ನ ಕಿವಿಗೇ ಬಿತ್ತು.

ರಾತ್ರಿ ಕಟ್ಟೆಯ ಮೇಲೆ ಕೂತು ಸ್ಕೂಟಿಯ ಸದ್ದಿಗೆ ಕಿವಿ ಕೊಡುವುದು ಏನೆಂದು ನಿನಗೆ ಗೊತ್ತಿಲ್ಲ. ಬೇರೆ ಗಾಡಿಯ ಸದ್ದು ಬಂದರೆ ಎದೆ ಒಡೆಯುತ್ತದೆ, ಸದ್ದು ಬರದಿದ್ದರೂ ಒಡೆಯುತ್ತದೆ. ಬಾಯಿಮಾತಿನಲ್ಲಿ ಹೇಳುತ್ತೇನೆ ಎಂದೆಯಲ್ಲ, ಹೇಳಿದೆಯಾ?

ಸುಭದ್ರಾಬಾಯಿ


೧೯ ಫೆಬ್ರವರಿ ೨೦೨೪

ಅಂಬಾರಾಯ,

ಎರಡು ತಿಂಗಳು ನಿನ್ನ ಉತ್ತರವಿಲ್ಲ. ಬಿಡು, ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ನಾನೂ ನಿಲ್ಲಿಸಿದ್ದೇನೆ. ಈ ಪತ್ರ ಬೇಡುವುದಕ್ಕಲ್ಲ, ತಿಳಿಸುವುದಕ್ಕೆ.

ಹೋದ ತಿಂಗಳು ಮದುವೆಗೆಂದು ನಮ್ಮ ತವರು ಕಿಣ್ಣಿ ಸುಲ್ತಾನಕ್ಕೆ ಹೋಗಿದ್ದೆ. ಆಳಂದದ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತ್ತು. ದಾರಿಯಲ್ಲಿ ಒಂದು ಶಾಲೆ. ಮಕ್ಕಳ ಚಿತ್ರ ಇದ್ದ ಇಷ್ಟು ದೊಡ್ಡ ಬೋರ್ಡು, ನಿಧಾನ ಎಂದು ಕೆಂಪಕ್ಷರ. ಅವನು ಒಂದಿಷ್ಟೂ ನಿಧಾನ ಮಾಡಲಿಲ್ಲ. ಮುಂದೆ ಬೇವಿನ ಗಿಡದ ಕೆಳಗೆ ಒಂದು ಕುಂಕುಮ ಮೆತ್ತಿದ ಕಲ್ಲು ಬಂತು ನೋಡು! ಹಾಡು ನಿಲ್ಲಿಸಿದ, ಬಸ್ಸು ಹೆಚ್ಚುಕಡಿಮೆ ನಿಂತೇಬಿಟ್ಟಿತು, ಒಂದು ಕೈ ಎದೆಗೆ ಮುಟ್ಟಿಸಿಕೊಂಡ. ಇನ್ನೂ ಮುಂದೆ ಒಂದು ದರ್ಗಾ. ಅಲ್ಲಿಯೂ ಹಾಗೆಯೇ.

"ಏನಪಾ, ಸಾಲಿ ಮುಂದ ಯಾಕ ನಿಧಾನ ಮಾಡಲಿಲ್ಲ?" ಎಂದು ಕೇಳಿದೆ.

"ಅಲ್ಲಿ ದೇವ್ರಿಲ್ಲಲ್ರಿ ಯವ್ವಾ," ಎಂದು ನಕ್ಕ.

ಊರಿಗೆ ಬಂದವಳೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಎಬ್ಬಿಸಿದೆ. ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ನಾನು, ಸುನಿತಾ ಮತ್ತು ಪಕ್ಕದ ಮನೆಯ ಮೆಹರಾಜಬೇಗಂ ಸೇರಿ ಅವಳ ಗಂಡನ ತಳ್ಳುಗಾಡಿಯಲ್ಲಿ ಅದನ್ನು ಹಳ್ಳದವರೆಗೆ ನೂಕಿಕೊಂಡು ಹೋಗಿ ರಸ್ತೆಯ ಬದಿಗೆ ನಿಲ್ಲಿಸಿದೆವು. ಮೆಹರಾಜ ದರ್ಜಿ ಕೆಲಸದವಳು, ನಿನಗೆ ಗೊತ್ತು. ಕಲ್ಲಿನ ಮೇಲೆ ಕಟ್ಟಲು ಬಾವುಟ ಹೊಲಿಯಲು ಕೂತಾಗ "ಅಕ್ಕಾ, ಹಸಿರು ಹಾಕ್ಲೇನ್ರಿ, ಕೆಂಪು ಹಾಕ್ಲೇನ್ರಿ?" ಎಂದು ಕೇಳಿದಳು. "ಎರಡೂ ಹಾಕು, ಎಲ್ಲಾ ಡ್ರೈವರಗೋಳೂ ನಿಂದರಲಿ," ಎಂದೆ. ಬಿದ್ದುಬಿದ್ದು ನಕ್ಕಳು.

ನಾನು ನಗಲಿಲ್ಲ. ನಮ್ಮದು ಕಲ್ಲಿಗೆ ಕೈಮುಗಿಯುವ ಮನೆತನವಲ್ಲ. ಒಗೆಯುವ ಕಲ್ಲಿಗೆ ಕುಂಕುಮ ಹಚ್ಚುವಾಗ ಕೊರಳಲ್ಲಿನ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಆದರೆ ಕೇಳು. ಅವತ್ತು ಸಂಜೆಯಿಂದಲೇ ಗಾಡಿಗಳು ನಿಧಾನವಾಗುತ್ತಿವೆ. ಕಬ್ಬಿನ ಟ್ರ್ಯಾಕ್ಟರಿನವರು ಕೂಡ ಹಾಡು ಸಣ್ಣದು ಮಾಡುತ್ತಾರೆ. ಮೊನ್ನೆ ಸುನಿತಾ ಬರುವಾಗ ಒಂದು ಹಿಂಡು ದಾಟುತ್ತಿತ್ತಂತೆ. ಎದುರಿನ ಲಾರಿ ಮೊದಲೇ ಮೆಲ್ಲಗೆ ಬರುತ್ತಿದ್ದರಿಂದ ಸುಮ್ಮನೆ ನಿಂತಿತು, ಇವಳೂ ನಿಂತಳು, ಅವು ಒಂದರ ಹಿಂದೊಂದು ಹೋದವು. ಬಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು.

ಸರಕಾರದ ಬೋರ್ಡಿಗೆ ಇಲ್ಲದ ಬೆಲೆ ನಮ್ಮ ಮನೆಯ ಕಲ್ಲಿಗಿದೆ. ನಾಚಿಕೆ ಯಾರಿಗೆ ಆಗಬೇಕು?

ಸುಭದ್ರಾಬಾಯಿ


ಅಫಜಲಪುರ
೧೦ ಮಾರ್ಚ್ ೨೦೨೪

ಅಕ್ಕನಿಗೆ ಶರಣು.

ನಿನ್ನ ಪತ್ರವನ್ನು ಓದಿ ಒಲೆಗೆ ಹಾಕಿದ್ದೇನೆ. ನೀನು ಮಾಡಿದ್ದು ರಸ್ತೆಯ ಜಾಗದ ಒತ್ತುವರಿ. ಇಟ್ಟವಳು ನನ್ನ ಅಕ್ಕ ಎಂದು ಗೊತ್ತಾದರೆ ಕಚೇರಿಯಲ್ಲಿ ನಾನು ತಲೆ ಎತ್ತುವಂತಿಲ್ಲ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು? ದೇವರ ಹೆಸರಿನಲ್ಲಿ ಜನರಿಗೆ ಮೋಸ ಮಾಡಬೇಡ ಎಂದು ನಮಗೆ ಕಲಿಸಿದವರು ಅವರು.

ಇನ್ನೊಂದು ಮಾತು. ಕಲ್ಲು ಇಡುವುದು ನಿನ್ನ ಕೈಯಲ್ಲಿತ್ತು, ಅದು ಬೆಳೆಯುವುದು ನಿನ್ನ ಕೈಯಲ್ಲಿ ಇರುವುದಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟೀಯೆ. ಯಾರಿಗೂ ತಿಳಿಯದ ಹಾಗೆ ತೆಗೆದುಬಿಡು.

ಅಂಬಾರಾಯ


೧೬ ಮಾರ್ಚ್ ೨೦೨೪

ನೀನು ಉಬ್ಬು ಹಾಕಿಸುವ ದಿನ ತೆಗೆಯುತ್ತೇನೆ. ಅಪ್ಪನ ಹೆಸರು ತೆಗೆಯಬೇಡ. ಅಪ್ಪ ಇದ್ದಿದ್ದರೆ ಸಲಿಕೆ ಹಿಡಿದು ತಾವೇ ಹೋಗಿ ರಸ್ತೆಗೆ ಉಬ್ಬು ಹಾಕುತ್ತಿದ್ದರು.

ಸುಭದ್ರಾಬಾಯಿ


೨ ಸೆಪ್ಟೆಂಬರ್ ೨೦೨೪

ಅಂಬಾರಾಯ,

ನೀನು ಹೇಳಿದ್ದೇ ಆಯಿತು. ಹೇಳಿದ್ದೆನಲ್ಲ ಎಂದು ಮಾತ್ರ ಬರೆಯಬೇಡ, ಮೈ ಉರಿಯುತ್ತದೆ.

ಕಲ್ಲಿಗೆ ಮೊದಲು ತೆಂಗಿನಕಾಯಿ ಬಂತು, ಆಮೇಲೆ ಹೆಸರು ಬಂತು. ಚಿಗರೆವ್ವ ಎನ್ನುತ್ತಾರೆ. ಶ್ರಾವಣದಲ್ಲಿ ಸೋಮವಾರ ಬಂದರೆ ಜಾತ್ರೆಯಷ್ಟು ಜನ. ಈಗ ಒಂದು ಸಮಿತಿಯೂ ಆಗಿದೆ. ಅದಕ್ಕೆ ಅಧ್ಯಕ್ಷ ಯಾರು ಹೇಳು? ನನ್ನ ಅರ್ಜಿಗೆ ನಕ್ಕನಲ್ಲ, ಆ ಜಗದೇವ! ಅವ್ವ ಅವನ ಕನಸಿನಲ್ಲಿ ಬಂದಿದ್ದಳಂತೆ. ನಮ್ಮ ಲಂಗ, ಧೋತರ ಒಗೆದ ಕಲ್ಲು ಅವನ ಕನಸಿನಲ್ಲಿ ಬಂದು ಮಾತಾಡಿದೆ.

ಮೊದಲು ಮಾಡಿದ ಕೆಲಸವೆಂದರೆ ಮೆಹರಾಜಳ ಬಾವುಟದಿಂದ ಹಸಿರು ಹರಿದು ತೆಗೆದದ್ದು. ನಾನು ಜಗಳಕ್ಕೆ ಹೊರಟೆ. ಮೆಹರಾಜ ನನ್ನ ಸೆರಗು ಹಿಡಿದಳು. "ಬ್ಯಾಡ್ರಿ ಅಕ್ಕಾ. ನಾನು ಹೊಲಿದೀನಿ ಅಂತ ಗೊತ್ತಾದ್ರ ಉಳದ ಕೆಂಪನ್ನೂ ಹರೀತಾರ," ಎಂದಳು. ಅವಳು ನಗುತ್ತಲೇ ಹೇಳಿದಳು. ನನಗೆ ಅಳು ಬಂತು.

ಇನ್ನು ನಿಜವಾದ ಕೇಡು ಕೇಳು. ಕಲ್ಲಿನ ಎರಡೂ ಬದಿಗೆ ಉದ್ದಕ್ಕೆ ತಂತಿ ಬೇಲಿ ಹಾಕಿ, ಕಣ್ಣು ಕುಕ್ಕುವ ದೀಪ ನಿಲ್ಲಿಸಿ, ಮೈಕ್ ಕಟ್ಟಿದ್ದಾರೆ. ಚಿಗರಿ ಅತ್ತ ಸುಳಿಯುವುದಿಲ್ಲ. ನೀರಿಗೆ ಹೋಗಲೇಬೇಕಲ್ಲ, ಈಗ ಮುಂದಿನ ಮೋರಿಯ ತಿರುವಿನಲ್ಲಿ ದಾಟುತ್ತಿವೆ. ಅಲ್ಲಿ ಇಳಿಜಾರು. ಚಿಗರೆವ್ವನಿಗೆ ಕೈಮುಗಿದು ನಿಂತ ಗಾಡಿಗಳು ಹೋದ ಹೊತ್ತನ್ನು ಹಿಡಿಯಲು ಅಲ್ಲಿ ಇನ್ನೂ ಜೋರಾಗಿ ಓಡುತ್ತವೆ.

ಕಳೆದ ಗುರುವಾರ ಸುನಿತಾ ಅಲ್ಲಿಯೇ ಬಿದ್ದಳು. ತಿರುವಿನಲ್ಲಿ ಒಂದು ಗಂಡು ಚಿಗರಿ ನಡುರಸ್ತೆಯಲ್ಲಿ ನಿಂತಿತ್ತಂತೆ. ಬ್ರೇಕ್ ಹಾಕಿದಳು, ಸ್ಕೂಟಿ ಜಾರಿತು. ಮೊಣಕೈ ಕಿತ್ತು ಹೋಗಿದೆ, ಗದ್ದಕ್ಕೆ ಹೊಲಿಗೆ ಹಾಕಿದ್ದಾರೆ. ಹಿಂದೆ ಬರುತ್ತಿದ್ದ ಜೀಪು ಅವಳ ತಲೆಯ ಪಕ್ಕದಲ್ಲಿ ಬಂದು ನಿಂತಿತು. ಪಕ್ಕದಲ್ಲಿ ಎಂದರೆ, ಅವಳ ಜಡೆ ಗಾಲಿಯ ಕೆಳಗೆ ಸಿಕ್ಕಿತ್ತು.

ಬೇಲಿ ತೆಗೆಯಿರಿ ಎಂದು ಜಗದೇವನಿಗೆ ಹೇಳಲು ಹೋದೆ. "ಬೇಲಿ ಏನ್ರಿ ಬಾಯಿ, ದಸರಾ ಆದ ಮ್ಯಾಲ ಕಲ್ಲಿನ ಗ್ವಾಡಿನೇ ಕಟ್ಟಸ್ತೀವಿ. ಅವ್ವನ ಇಚ್ಛಾ," ಎಂದ. ಗೋಡೆ ಎದ್ದರೆ ಚಿಗರಿ ಆ ತಿರುವಿಗೇ ಕಾಯಂ. ಸುನಿತಾ ಮುಂದಿನ ಸೋಮವಾರದಿಂದ ಮತ್ತೆ ಡ್ಯೂಟಿಗೆ ಹೋಗುತ್ತಾಳೆ. ಏನು ಮಾಡಲಿ ಹೇಳು. ಇದೊಂದು ಸಲ ಇಂಜಿನಿಯರನಾಗಿ ಉತ್ತರ ಕೊಡಬೇಡ.

ಸುಭದ್ರಾಬಾಯಿ


ಅಫಜಲಪುರ
೧೭ ಸೆಪ್ಟೆಂಬರ್ ೨೦೨೪

ಅಕ್ಕಾ,

ಜೇವರ್ಗಿಯ ಕಚೇರಿಗೆ ನಾನೇ ಹೋಗಿದ್ದೆ. ಇದೇ ಮೊದಲು. ಇಷ್ಟು ದಿನ ಬಾಯಿಮಾತಿನಲ್ಲಿಯೂ ಹೇಳಿರಲಿಲ್ಲ.

ಉಬ್ಬು ಮಂಜೂರಾಗಿದೆ. ನಿನ್ನ ಅರ್ಜಿಯಿಂದಲ್ಲ. ಭಕ್ತರ ಸುರಕ್ಷತೆಗಾಗಿ ಎಂದು ಜಗದೇವನ ಸಮಿತಿ ಕೇಳಿತು, ಒಂದೇ ವಾರದಲ್ಲಿ ಆಯಿತು. ಆ ಕಲ್ಲಿನ ಮುಂದೆ ಮಾತ್ರ. ತಿರುವಿಗೆ ಇಲ್ಲ, ಯಾಕೆಂದರೆ ಅಲ್ಲಿ ಭಕ್ತರಿಲ್ಲ. ಗೋಡೆಗೆ ನೋಟಿಸ್ ಕೊಡಿ ಎಂದೆ. "ದೇವರಿಗಿ ಯಾರು ನೋಟಿಸ್ ಕೊಡ್ತಾರ್ರಿ ಸಾಹೇಬ್ರ, ನೀವು ಸಹಿ ಮಾಡ್ತೀರೇನು?" ಎಂದರು. ನಾನು ಸಹಿ ಮಾಡಲಿಲ್ಲ.

ನನಗೆ ತೋಚುವುದು ಒಂದೇ ದಾರಿ. ಅದು ಒಗೆಯುವ ಕಲ್ಲು, ಇಟ್ಟವಳು ನಾನು ಎಂದು ಎಲ್ಲರೆದುರು ಹೇಳಿಬಿಡು. ನನ್ನ ಹೆಸರು ಬಂದರೆ ಬರಲಿ.

ತಮ್ಮ,
ಅಂಬಾರಾಯ


೨೧ ಅಕ್ಟೋಬರ್ ೨೦೨೪

ತಮ್ಮಾ ಅಂಬಾರಾಯ,

ಹೇಳಿದೆ. ನೀನು ಹೇಳಿದ ಹಾಗೆಯೇ, ಎಲ್ಲರೆದುರು ಹೇಳಿದೆ. ಏನಾಯಿತು ಕೇಳು.

ದಸರಾ ಆದ ಮರುದಿನವೇ ಗೋಡೆಗೆ ಗುದ್ದಲಿ ಪೂಜೆ. ಊರೆಲ್ಲ ಸೇರಿತ್ತು. ಜಗದೇವ ಬಿಳಿ ಅಂಗಿ ಹಾಕಿಕೊಂಡು ಗುದ್ದಲಿ ಎತ್ತಿದ. ನಾನು ಜನರನ್ನು ನೂಕಿಕೊಂಡು ಮುಂದೆ ಹೋಗಿ ನಿಂತೆ.

"ಲೇ ಜಗದೇವಾ, ಇಡು ಅದನ್ನ. ಇದು ದೇವರಲ್ಲ, ನಮ್ಮನಿ ಬಟ್ಟಿ ಒಗಿಯೋ ಕಲ್ಲು. ಇಟ್ಟಾಕಿ ನಾನು!"

ಸಿಟ್ಟಿಗೆ ನನ್ನ ಮೈಯೆಲ್ಲ ನಡುಗುತ್ತಿತ್ತು. ನೂಕಾಟದಲ್ಲಿ ತುರುಬು ಬಿಚ್ಚಿ ಹೋಗಿತ್ತು. ಗಂಟಲು ಒಡೆದು ದನಿ ಗಂಡಸಿನ ದನಿಯ ಹಾಗೆ ಬಂತು. ಅಷ್ಟರಲ್ಲಿ ಹಿಂದಿನಿಂದ ಮುದುಕಿ ಗುರಮ್ಮ "ಯವ್ವಾ, ಅವ್ವ ಮೈಮ್ಯಾಲ ಬಂದಾಳ!" ಎಂದು ಚೀರಿದಳು.

ಯಾರೋ ನನ್ನ ಕಾಲಿಗೆ ಕೊಡ ನೀರು ಸುರಿದರು. ಯಾರೋ ಹಣೆಗೆ ಭಂಡಾರ ಮೆತ್ತಿದರು. "ಬಿಡ್ರಿ ನನ್ನ, ನಾ ದೇವರಲ್ಲ, ಸುಭದ್ರಾಬಾಯಿ ಅದೀನಿ," ಎಂದು ಕೂಗಿದೆ. "ಹೌದವ್ವ, ಹೌದು," ಎಂದು ಇನ್ನಷ್ಟು ಜನ ಅಡ್ಡ ಬಿದ್ದರು. "ಮೂರ್ಖರು ಅದೀರಿ ನೀವು" ಎಂದೆ. "ತಪ್ಪಾತವ್ವ" ಎಂದರು. ನಿಜ ಹೇಳಿದಷ್ಟೂ ನಾನು ದೇವಿಯಾಗುತ್ತಾ ಹೋದೆ. ಕೊನೆಗೆ ಆ ಜಗದೇವನೇ ಬಿಳಿ ಅಂಗಿಯಲ್ಲಿ ಕೆಸರಿಗೆ ಮೊಣಕಾಲೂರಿ, "ಏನು ತಪ್ಪಾತು ಹೇಳು ತಾಯಿ, ನಡಸ್ತೀವಿ," ಎಂದು ಅಳತೊಡಗಿದ.

ಆಗ ಗುಂಪಿನ ಅಂಚಿನಲ್ಲಿ ಸುನಿತಾ ಕಂಡಳು. ಡ್ಯೂಟಿಗೆ ಹೊರಟವಳು, ಸ್ಕೂಟಿ ನಿಲ್ಲಿಸಿ ನೋಡುತ್ತಿದ್ದಳು. ಗದ್ದದ ಮೇಲಿನ ಗಾಯ ಇನ್ನೂ ಕೆಂಪಗಿತ್ತು. ಅವಳು ಇನ್ನೇನು ಆ ತಿರುವಿಗೇ ಹೋಗಬೇಕು, ಕತ್ತಲಾದ ಮೇಲೆ ಅಲ್ಲಿಂದಲೇ ಬರಬೇಕು.

ನಾನು ನಿಜ ಹೇಳುವುದನ್ನು ನಿಲ್ಲಿಸಿದೆ.

"ಗ್ವಾಡಿ ಬ್ಯಾಡ," ಎಂದೆ. "ಬೇಲಿ ಕೀಳ್ರಿ. ದೀಪ ತಗೀರಿ, ಮೈಕ್ ತಗೀರಿ. ನನ್ನ ಮಕ್ಕಳಿಗಿ ದಾರಿ ಬಿಡ್ರಿ. ಜಾಲಿ ಕಡದು ರಸ್ತಾ ಎರಡೂ ಕಡೆ ಬಯಲು ಮಾಡ್ರಿ. ಮೋರಿ ತಿರುವಿನ್ಯಾಗೂ ಉಬ್ಬು ಹಾಕಸ್ರಿ. ಮೆಹರಾಜ ಹೊಲಿದ ಬಾವುಟ ಹೆಂಗಿತ್ತೋ ಹಂಗ ತಂದು ಕಟ್ರಿ."

ಮೆಹರಾಜಳ ಹೆಸರು ಬಂದಾಗ ಒಂದು ಗಳಿಗೆ ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನು ಕಣ್ಣು ಕೆಕ್ಕರಿಸಿದೆ. ತಲೆ ಬಾಗಿಸಿದರು.

ಸಂಜೆಯೊಳಗೆ ಬೇಲಿ ಹೋಯಿತು. ಮರುದಿನ ಜೆಸಿಬಿ ಬಂದು ಜಾಲಿ ಕಿತ್ತಿತು. ಅದು ಯಾರ ಕೆಲಸ ಎಂದು ಯಾರೂ ಕೇಳಲಿಲ್ಲ. ತಿರುವಿಗೆ ಉಬ್ಬು ನಾಲ್ಕೇ ದಿನದಲ್ಲಿ ಬಂತು. ನಿನ್ನ ಸುರಕ್ಷತಾ ಸಮಿತಿ ಸ್ಥಳ ನೋಡಿತೋ ಇಲ್ಲವೋ, ನೀನೇ ಕೇಳಿ ನೋಡು. ಚಿಗರಿಗಳು ಹಳೆಯ ಜಾಗಕ್ಕೆ ಮರಳಿವೆ. ಗಾಡಿಗಳು ನಿಲ್ಲುತ್ತವೆ, ಅವು ದಾಟುತ್ತವೆ.

ಸಂತೋಷಪಡು ಎನ್ನುತ್ತಾನೆ ಅಮರನಾಥ, ಊರುಗೋಲಿನ ಮೇಲೆ ನಿಂತು ನಗುತ್ತಾನೆ. ನನಗೆ ನಗು ಬರುವುದಿಲ್ಲ, ಹೊಟ್ಟೆ ಉರಿಯುತ್ತದೆ. ತಲೆ ಬಾಚಿಕೊಂಡು, ಚಪ್ಪಲಿ ಬಿಟ್ಟು, ಕೈಮುಗಿದು ಕಾಗದ ಕೊಟ್ಟಾಗ ನನ್ನನ್ನು ಹುಚ್ಚಿ ಎಂದರು. ತಲೆ ಕೆದರಿಕೊಂಡು ಹುಚ್ಚಿಯ ಹಾಗೆ ಕೂಗಿದಾಗ ತಾಯಿ ಎಂದರು. ಈಗ ಬೆಳಗಾದರೆ ಬಾಗಿಲಿಗೆ ಜನ. ಒಬ್ಬಳಿಗೆ ಮಗಳ ಮದುವೆ ಕೇಳಬೇಕು, ಒಬ್ಬನಿಗೆ ಬೋರಿನಲ್ಲಿ ನೀರು ಬೇಕು. ಬೈದು ಕಳಿಸಿದರೆ ಅದನ್ನೂ ಪ್ರಸಾದ ಎಂದು ತೆಗೆದುಕೊಂಡು ಹೋಗುತ್ತಾರೆ.

ಸುನಿತಾ ಮಾತ್ರ ಹಾಗಲ್ಲ ಎಂದುಕೊಂಡಿದ್ದೆ. ಆ ಕಲ್ಲನ್ನು ನನ್ನ ಜೊತೆ ನೂಕಿದವಳು ಅವಳು. ಅದರ ಮೇಲೆ ದಿನಾ ಬಟ್ಟೆ ಒಗೆದವಳೂ ಅವಳೇ. ನಿನ್ನೆ ಡ್ಯೂಟಿಗೆ ಹೊರಟವಳು ಸ್ಕೂಟಿಯ ಕೀಲಿ ಕೈಯಲ್ಲಿ ಹಿಡಿದುಕೊಂಡು ತಿರುಗಿ ಬಂದಳು. ಬಗ್ಗಿ ನನ್ನ ಕಾಲು ಮುಟ್ಟಿ, ಆ ಕೈಯನ್ನು ಗದ್ದದ ಗಾಯಕ್ಕೆ ಮುಟ್ಟಿಸಿಕೊಂಡಳು. ಮದುವೆಯಾದ ದಿನ ಬಿಟ್ಟರೆ ಅವಳು ನನ್ನ ಕಾಲು ಮುಟ್ಟಿದವಳಲ್ಲ. ಯಾರಿಗೆ ಮಾಡಿದೆ ಇದನ್ನು, ನನಗೋ ಆ ಚಿಗರೆವ್ವನಿಗೋ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಸ್ಕೂಟಿ ಹೊರಟಿತ್ತು.

ಅವಳು ಹೋದ ಮೇಲೆ ಕೂತು ಜೇವರ್ಗಿಯ ಕಚೇರಿಗೆ ಇನ್ನೊಂದು ಅರ್ಜಿ ಬರೆದಿದ್ದೇನೆ. ಚಿಗರಿ ದಾಟುವ ಜಾಗಕ್ಕೆ ಒಂದು ಬೋರ್ಡು ಬೇಕು ಎಂದು. ಬರುವ ಸೋಮವಾರ ನಾನೇ ಹೋಗಿ ಕೊಡುತ್ತೇನೆ. ಆ ಕನ್ನಡಕದವನು ಈ ಸಲ ಎದ್ದು ನಿಂತು ಕೈಮುಗಿದರೆ ಕಾಗದ ಕಿತ್ತುಕೊಂಡು ಹೊರಗೆ ಬರುತ್ತೇನೆ. ಕೂತುಕೊಂಡೇ ಓದಲಿ. ಓದಿ ಆಗುತ್ತದೆ ಎನ್ನಲಿ, ಆಗುವುದಿಲ್ಲ ಎನ್ನಲಿ, ಮನುಷ್ಯರಿಗೆ ಹೇಳುವ ಹಾಗೆ ಹೇಳಲಿ. ನೀನೂ ಬಾ, ನನ್ನ ಪಕ್ಕದಲ್ಲಿ ನಿಲ್ಲು. ಅರ್ಜಿಯ ಕೆಳಗೆ ನನ್ನ ಹೆಸರನ್ನೇ ಬರೆದಿದ್ದೇನೆ.

ನಿನ್ನ ಅಕ್ಕ,
ಸುಭದ್ರಾಬಾಯಿ